ಸರೀಸೃಪ, ಉಭಯವಾಸಿಗಳ ಕ್ಷೇತ್ರಶೋಧ: ಮಲೆನಾಡಿನ ಮಳೆಗಾಲದಲ್ಲಿ

ಹಾವು, ಹಲ್ಲಿ, ಓತಿ, ಉಡ, ಆಮೆ, ಮೊಸಳೆ ಮೊದಲಾದ ಸರೀಸೃಪಗಳನ್ನೂ ಕಪ್ಪೆ, ಕಾಲಿಲ್ಲದ ಸಿಸಿಲಿಯನ್ ಮೊದಲಾದ ಉಭಯವಾಸಿಗಳನ್ನೂ ಅವು ಬದುಕುವ ಜಾಗಕ್ಕೇ ಹೋಗಿ ಹುಡುಕಿ, ಗುರುತಿಸಿ, ಬರೆದಿಟ್ಟುಕೊಳ್ಳುವ ಕೆಲಸವೇ ಕ್ಷೇತ್ರಶೋಧ. ಪ್ರಾಣಿಶಾಸ್ತ್ರದ ಶಾಖೆಯಾದ ಹರ್ಪೆಟಾಲಜಿ ನಿಂತಿರುವುದು ಇದರ ಮೇಲೆ. ಹವ್ಯಾಸಿಗಳು ಇದನ್ನು ಚುಟುಕಾಗಿ ‘ಹರ್ಪಿಂಗ್’ ಎನ್ನುತ್ತಾರೆ. ಹಕ್ಕಿ ನೋಡಲು ಹೊರಟವರಿಗೆ ಹಕ್ಕಿ ತಾನಾಗಿ ಕೂಗಿ, ಹಾರಿ ಕಾಣಿಸಿಕೊಳ್ಳುತ್ತದೆ. ಆದರೆ ಸರೀಸೃಪ, ಉಭಯವಾಸಿಗಳಲ್ಲಿ ಹೆಚ್ಚಿನವು ದಿನದ ಬಹುಪಾಲನ್ನು ತರಗೆಲೆಯಡಿ, ಕಲ್ಲಿನ ಸಂದಿಯಲ್ಲಿ, ಮರದ ಪೊಟರೆಯಲ್ಲಿ, ಮಣ್ಣೊಳಗೆ ಕಳೆಯುತ್ತವೆ. ಕೆಲವಂತೂ ವರ್ಷಕ್ಕೆ ಕೆಲವೇ ದಿನ ಹೊರಬಂದು ಮತ್ತೆ ನೆಲ ಸೇರುತ್ತವೆ. ಹಾಗಾಗಿ ಎಷ್ಟು ದೂರ ನಡೆದೆವು ಎನ್ನುವುದಕ್ಕಿಂತ ಯಾವ ಮಳೆಗೆ, ಯಾವ ಹೊತ್ತಿನಲ್ಲಿ, ಎಲ್ಲಿ ನಿಂತೆವು ಎನ್ನುವುದೇ ಇಲ್ಲಿ ಮುಖ್ಯ.

ಕರ್ನಾಟಕದಲ್ಲಿ ಈ ಕೆಲಸದ ದೊಡ್ಡ ನೆಲೆ ಸಹ್ಯಾದ್ರಿ. ಸುಮಾರು 1,600 ಕಿ.ಮೀ. ಉದ್ದದ ಪಶ್ಚಿಮಘಟ್ಟದಲ್ಲಿ 200ಕ್ಕೂ ಹೆಚ್ಚು ಬಗೆಯ ಉಭಯವಾಸಿಗಳಿವೆ. ಅವುಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಘಟ್ಟಸಾಲಿನ 39 ತಾಣಗಳಲ್ಲಿ ಹತ್ತು ಕರ್ನಾಟಕದವು. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್, ಸಿದ್ದಾಪುರದ ಕತ್ತಲೆಕಾನು, ಶರಾವತಿ ಕಣಿವೆ, ಆಗುಂಬೆ, ಕುದುರೆಮುಖ, ಚಾರ್ಮಾಡಿ, ಕೊಟ್ಟಿಗೆಹಾರ, ಸಕಲೇಶಪುರದ ಕೆಂಪುಹೊಳೆ, ಬಿಸಿಲೆ, ಭಾಗಮಂಡಲ ಇವೆಲ್ಲ ಕಪ್ಪೆ, ಹಾವುಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಕೆಲವು ಊರುಗಳು ಕಪ್ಪೆಯ ವೈಜ್ಞಾನಿಕ ಹೆಸರಿನಲ್ಲೇ ಸೇರಿಹೋಗಿವೆ. ಘಟ್ಟದ ಕಾಡಿನಲ್ಲಿ ಬಾಲವುಳ್ಳ ಉಭಯವಾಸಿಯಾದ ಸಾಲಮ್ಯಾಂಡರ್ ಇಲ್ಲ. ಭಾರತದಲ್ಲಿ ಅದನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು.

ಮಳೆಯ ಲೆಕ್ಕ

ಮಲೆನಾಡಿನ ರೈತರು ಗದ್ದೆಗೆ ಹಿಡಿಯುವ ಮಳೆನಕ್ಷತ್ರಗಳ ಲೆಕ್ಕ ಕಪ್ಪೆ ಹುಡುಕುವವರಿಗೂ ಒದಗುತ್ತದೆ. ಭರಣಿ, ಕೃತ್ತಿಕೆಯ ಗುಡುಗುಮಳೆ ಬಿದ್ದು ಮಣ್ಣು ಹದವಾಗುವಾಗ ನೆಲದೊಳಗೆ ಬೇಸಿಗೆ ಕಳೆದ ಕಪ್ಪೆಗಳು ಹೊರಬರುತ್ತವೆ. ರೋಹಿಣಿ, ಮೃಗಶಿರಾ ಹೊತ್ತಿಗೆ, ಎಂದರೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ತುಂಬಿದ ಹೊಂಡ, ಗದ್ದೆಗಳಲ್ಲಿ ಅವುಗಳ ಸಂತೆಯೇ ನೆರೆಯುತ್ತದೆ. ವರ್ಷದ ಉಳಿದ ದಿನ ಮಾಸಲು ಹಸಿರಾಗಿರುವ ಗೊಂಕರುಗಪ್ಪೆಯ ಗಂಡು ಈ ದಿನಗಳಲ್ಲಿ ನಿಂಬೆಹಳದಿ ಬಣ್ಣಕ್ಕೆ ತಿರುಗುತ್ತದೆ. ಕೂಗುವಾಗ ಉಬ್ಬುವ ಗಂಟಲಚೀಲಗಳು ಕಡುನೀಲಿ. ಈ ಅಬ್ಬರ ಕೆಲವೇ ರಾತ್ರಿಗಳದು. ಅದು ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಇಡುಕ್ಕಿ ಕಡೆಯ ನೇರಳೆ ಕಪ್ಪೆ ಇದರ ತುತ್ತತುದಿ. ನೆಲದಡಿಯಲ್ಲೇ ಗೆದ್ದಲು ತಿಂದು ಬದುಕುವ ಅದು ಮಳೆಯ ಆರಂಭದಲ್ಲಿ ಮರಿ ಮಾಡಲೆಂದು ಮಾತ್ರ ಮೇಲೆ ಬರುತ್ತದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 2003ರಲ್ಲಿ. ಅಷ್ಟು ದಪ್ಪ ಮೈಯ, ಮೂತಿ ಚೂಪಾದ ಪ್ರಾಣಿಯೊಂದು ಜನವಸತಿಯ ನಡುವೆಯೇ ಇದ್ದೂ ಅಲ್ಲಿಯವರೆಗೆ ಶಾಸ್ತ್ರದ ಪುಸ್ತಕಕ್ಕೆ ಬರದೆ ಉಳಿಯಲು ಅದರ ಈ ದಿನಚರಿಯೇ ಕಾರಣ.

ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಪೊದೆಗಪ್ಪೆಗಳ ಕಾಲ. ಹೆಬ್ಬೆರಳಿನ ಗೆಣ್ಣಿನಷ್ಟೇ ಇರುವ ಈ ಕಪ್ಪೆಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆ, ಹಾವಸೆ, ತೇವದ ಮಣ್ಣಿನ ಮೇಲಿಟ್ಟ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆ ಹೊರಬರುತ್ತದೆ. ನೀರು ನಿಂತ ಹೊಂಡ ಇವಕ್ಕೆ ಬೇಕಿಲ್ಲ, ಬಿಡದೆ ಸುರಿಯುವ ಮಳೆ ಇದ್ದರೆ ಸಾಕು. ಅದೇ ದಿನಗಳಲ್ಲಿ ಹಾರುವ ಕಪ್ಪೆ ಮರದ ತುದಿಯಿಂದ ಕೆಳಗಿಳಿದು ಹೊಂಡದ ಮೇಲೆ ಬಾಗಿದ ಕೊಂಬೆಗೆ ನೊರೆಗೂಡು ಕಟ್ಟುತ್ತದೆ. ಗೂಡಿನೊಳಗೆ ಒಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಹಗಲಿನಲ್ಲಿ ಇಂಥ ಬಿಳಿ ನೊರೆಯ ಮುದ್ದೆ ಎಲೆಗೆ ಅಂಟಿಕೊಂಡಿರುವುದನ್ನು ಕಂಡರೆ ರಾತ್ರಿ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮಳೆ ಇಳಿಮುಖವಾದ ಮೇಲೆ ಬರುವವರಿಗೂ ಪಾಲಿದೆ. ಕುಣಿಯುವ ಕಪ್ಪೆಗಳು ತೊರೆಯ ನೀರು ತಗ್ಗಿ ಬಂಡೆಗಳು ತಲೆಯೆತ್ತುವುದನ್ನೇ ಕಾಯುತ್ತವೆ. ತೊರೆಯ ಸದ್ದಿನಲ್ಲಿ ಕೂಗು ಮುಳುಗಿಹೋಗುವುದರಿಂದ ಗಂಡು ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಬೆರಳಿನ ನಡುವಿನ ಬಿಳಿ ಜಾಲಪೊರೆಯನ್ನು ಬಿಡಿಸಿ ತೋರಿಸುತ್ತದೆ. 2014ರಲ್ಲಿ ಒಂದೇ ಅಧ್ಯಯನದಲ್ಲಿ ಈ ಕುಲದ 14 ಹೊಸ ಪ್ರಭೇದಗಳನ್ನು ವಿವರಿಸಲಾಯಿತು. ಇದು ಹಗಲು ನೋಡಬೇಕಾದ ಆಟ. ಕಪ್ಪೆ ಎಂದರೆ ರಾತ್ರಿಯೇ ಎಂದುಕೊಂಡವರಿಗೆ ಇದು ತಪ್ಪಿಹೋಗುತ್ತದೆ.

ಇರುಳಿನ ಕೆಲಸ: ಕಿವಿ, ಟಾರ್ಚು, ತಾಳ್ಮೆ

ಕಪ್ಪೆಯನ್ನು ಮೊದಲು ಹುಡುಕುವುದು ಕಿವಿ. ಕೂಗುವುದು ಗಂಡು, ಪ್ರತಿ ಪ್ರಭೇದದ ಕೂಗೂ ಬೇರೆ. ನೋಡಲು ಒಂದೇ ಥರ ಕಾಣುವ ಎರಡು ಪೊದೆಗಪ್ಪೆಗಳನ್ನು ಕೂಗಿನಿಂದಲೇ ಬೇರ್ಪಡಿಸಬಹುದು. ಕತ್ತಲಲ್ಲಿ ‘ಟಿಕ್ ಟಿಕ್’ ಎನ್ನುವ ಪೊದೆಗಪ್ಪೆಯನ್ನು ಕಣ್ಣಿಂದ ಹುಡುಕಹೊರಟರೆ ಅರ್ಧ ರಾತ್ರಿ ಅಲ್ಲೇ ಕಳೆದೀತು. ಪಳಗಿದವರು ಇಬ್ಬರಾಗಿ ನಿಲ್ಲುತ್ತಾರೆ. ನಾಲ್ಕಾರು ಹೆಜ್ಜೆ ಅಂತರದಲ್ಲಿ ನಿಂತು, ಟಾರ್ಚು ಆರಿಸಿ, ಕೂಗು ಬಂದ ದಿಕ್ಕಿಗೆ ಇಬ್ಬರೂ ಕೈ ಚಾಚುತ್ತಾರೆ. ಮುಂದಿನ ಕೂಗಿಗೆ ಒಟ್ಟಿಗೆ ಬೆಳಕು ಬಿಡುತ್ತಾರೆ. ಎರಡು ಬೆಳಕು ಕೂಡಿದಲ್ಲಿ ಎಲೆಯ ಅಂಚಿಗೆ ಅಂಟಿಕೊಂಡ, ಗಂಟಲು ಉಬ್ಬಿಸಿದ ಕಪ್ಪೆ ಇರುತ್ತದೆ. ಬೆಳಕು ಬಿದ್ದ ಕೂಡಲೇ ಅದು ಸುಮ್ಮನಾಗುತ್ತದೆ. ಟಾರ್ಚು ಆರಿಸಿ ಕದಲದೆ ನಿಂತರೆ ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಮಳೆಕೋಟಿನ ಪ್ಲಾಸ್ಟಿಕ್ಕು ಮೈ ಅಲ್ಲಾಡಿದಾಗಲೆಲ್ಲ ಸರಬರ ಎನ್ನುವುದರಿಂದ ಕೂಗು ಕೇಳಲು ಅದು ದೊಡ್ಡ ತೊಡಕು. ಹಳೆಯ ಕಂಬಳಿಕೊಪ್ಪೆಯೇ ಈ ಕೆಲಸಕ್ಕೆ ವಾಸಿ.

ಎರಡನೆಯ ಉಪಾಯ ಕಣ್ಣಿನ ಹೊಳಪು. ಟಾರ್ಚನ್ನು ಸೊಂಟದ ಹತ್ತಿರ ಹಿಡಿದು ನಡೆದರೆ ಇದು ಕಾಣುವುದಿಲ್ಲ. ಬೆಳಕಿನ ಮೂಲ ನೋಡುವವನ ಕಣ್ಣಿನ ಮಟ್ಟದಲ್ಲಿರಬೇಕು, ಅದಕ್ಕೇ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್. ಕಪ್ಪೆಯ ಕಣ್ಣು ದೂರದಿಂದಲೇ ಮಿನುಗುತ್ತದೆ. ನೀರಿನ ಮೇಲೆ ಕೆಂಡದಂತೆ ಕಂಡರೆ ಅದು ಮೊಸಳೆ. ಕಾಳಿ ನದಿಯ ದಾಂಡೇಲಿ ಭಾಗದಲ್ಲಿ, ರಂಗನತಿಟ್ಟಿನಲ್ಲಿ, ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಹುಲ್ಲಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಳೆಯುವವು ಬಹುಪಾಲು ಜೇಡಗಳು. ಹೊಸಬರು ಮೊದಲ ರಾತ್ರಿ ಎಣಿಸುವ ‘ಕಪ್ಪೆ’ಗಳಲ್ಲಿ ಅರ್ಧ ಇವೇ. ಹಾವಿನ ಕಣ್ಣು ಹಾಗೆ ಹೊಳೆಯದು. ಹಾವನ್ನು ಹುಡುಕುವುದು ಆಕಾರದಿಂದ. ಕೊಂಬೆಗಳ ಗೋಜಲಿನಲ್ಲಿ ತೀರಾ ಹದವಾಗಿ ಬಾಗಿದ ಗೆರೆ, ಎಲೆಗಳ ನಡುವೆ ಒಂದೇ ಬಣ್ಣದ ಸುರುಳಿ ಕಂಡರೆ ನಿಂತು ನೋಡಬೇಕು. ಹಗಲಿಡೀ ಕಣ್ಣಿಗೆ ಬೀಳದ ಹಸಿರುಹಾವೂ ಓತಿಯೂ ರಾತ್ರಿ ರೆಂಬೆಯ ತುದಿಯಲ್ಲಿ ಮಲಗಿರುತ್ತವೆ. ಟಾರ್ಚಿನ ಬೆಳಕಿಗೆ ಅವುಗಳ ಮೈ ಎಲೆಗಿಂತ ಬಿಳಿಚಿ ಕಾಣುವುದರಿಂದ ಹಗಲಿಗಿಂತ ರಾತ್ರಿಯೇ ಸುಲಭವಾಗಿ ಸಿಗುತ್ತವೆ.

ಈ ಕಾಯುವಿಕೆ ಏನು ಕೊಡಬಲ್ಲದು ಎಂಬುದಕ್ಕೆ ಕುಂಬಾರ ಕಪ್ಪೆಗಿಂತ ಒಳ್ಳೆಯ ಉದಾಹರಣೆ ಕನ್ನಡ ನೆಲದಲ್ಲಿ ಇಲ್ಲ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ ತೊರೆಗಳಲ್ಲಿ ಇರುವ, ಸುಮಾರು 4 ಸೆಂ.ಮೀ. ಉದ್ದದ ಈ ಇರುಳುಗಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಸಿ ವಿವರಿಸಿದರು. ಗಂಡು ನೀರಿನಲ್ಲಿ ಕುಳಿತು ‘ಟೊಕ್’ ಎಂದು ಕೂಗುತ್ತದೆ. ಹೆಣ್ಣು ಹತ್ತಿರ ಬಂದ ಮೇಲೆ ಮುಂಗಾಲ ಮೇಲೆ ಮೈ ನಿಲ್ಲಿಸಿ ತಲೆಕೆಳಗಾಗಿ, ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಆಮೇಲಿನದು ಗಂಡಿನ ಕೆಲಸ. ಅದು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಬಾಚುತ್ತದೆ, ಇಡೀ ಗುಂಪು ಮಣ್ಣಿನಲ್ಲಿ ಮುಚ್ಚಿಹೋಗುವವರೆಗೂ. ಮೊಟ್ಟೆ ಒಣಗದಿರಲು, ತಿನ್ನುವವರ ಕಣ್ಣಿಗೆ ಬೀಳದಿರಲು ಇದು ನೆರವಾಗುತ್ತದೆಂದು ತಿಳಿಯಲಾಗಿದೆ. ಇದನ್ನು ಹಿಡಿದು ಸೀಸೆಗೆ ಹಾಕಿದ್ದರೆ ಇನ್ನೊಂದು ಕಂದು ಕಪ್ಪೆ ಎಂದು ಚೀಟಿ ಅಂಟಿಸಿ ಮರೆಯಬಹುದಿತ್ತು. ಮಣ್ಣು ಮೆತ್ತುವುದು ಗೊತ್ತಾದದ್ದು ಯಾರೋ ಇರುಳೆಲ್ಲ ನೀರಿನ ಪಕ್ಕ ಕುಳಿತು ನೋಡಿದ್ದರಿಂದ.

ಕಲ್ಲು, ಮರದ ದಿಮ್ಮಿ ಮಗುಚಿ ನೋಡುವುದು ಇನ್ನೊಂದು ಪದ್ಧತಿ. ಸಿಸಿಲಿಯನ್, ಗುರಾಣಿಬಾಲದ ಹಾವು, ಕುರುಡುಹಾವು, ಸಣ್ಣ ಹಾವುರಾಣಿಗಳು ಹೀಗೆಯೇ ಸಿಗುವುದು. ಅಡಿಕೆ ತೋಟದ ಸೊಪ್ಪಿನ ರಾಶಿ, ಗೊಬ್ಬರಗುಂಡಿಯ ಅಂಚು, ತೊರೆ ಪಕ್ಕದ ಸಡಿಲ ಮಣ್ಣು ಸಿಸಿಲಿಯನ್‌ಗಳಿಗೆ ಪ್ರಿಯ. ಎರೆಹುಳವೆಂದೋ ಹಾವೆಂದೋ ತಿಳಿದು ಗುದ್ದಲಿ ಏಟು ಹಾಕುವುದೇ ಹೆಚ್ಚು. ಕಲ್ಲನ್ನು ತನ್ನ ಕಡೆಗೆ ಎತ್ತಬೇಕು, ಆಗ ಅಡಿಯಲ್ಲಿರುವ ಪ್ರಾಣಿಗೆ ಆಚೆ ಹೋಗಲು ದಾರಿ ಇರುತ್ತದೆ, ಕಲ್ಲೇ ಎತ್ತಿದವನಿಗೆ ಮರೆಯಾಗುತ್ತದೆ. ನೋಡಿ ಮುಗಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ, ಇದ್ದ ಮಗ್ಗುಲಿಗೇ ಇಡಬೇಕು. ಅದರಡಿಯ ತೇವ ಕೂಡಿಬರಲು ಎಷ್ಟೋ ಕಾಲ ಹಿಡಿದಿರುತ್ತದೆ. ಮಗುಚಿ ಬಿಟ್ಟ ಕಲ್ಲುಗಳ ಸಾಲು ಕಂಡರೆ ಆ ದಾರಿಯಲ್ಲಿ ಎಂಥವರು ಹೋಗಿದ್ದಾರೆಂದು ತಿಳಿಯುತ್ತದೆ.

ಹಗಲಿನ ಜೀವಿಗಳು

ಸರೀಸೃಪಗಳು ಮೈಯ ಬಿಸಿಯನ್ನು ಹೊರಗಿನಿಂದ ಪಡೆಯುವುದರಿಂದ ಹಗಲಿನ ಹುಡುಕಾಟ ಬಿಸಿಲಿನ ಲೆಕ್ಕದ ಮೇಲೆ ನಡೆಯುತ್ತದೆ. ಬೆಳಗಿನ ಎಳೆಬಿಸಿಲು ಬಿದ್ದ ಬಂಡೆ, ಬೇಲಿಗೂಟ, ಮರದ ಪೂರ್ವದ ಮಗ್ಗುಲು ಮೊದಲು ನೋಡಬೇಕಾದ ಜಾಗಗಳು. ನಡುಹಗಲಿಗೆ ಎಲ್ಲವೂ ನೆರಳು ಸೇರುತ್ತವೆ.

ಮಲೆನಾಡಿನಲ್ಲಿ ಹಗಲು ಹುಡುಕುವವರ ಮೊದಲ ಆಸೆ ಹಾರುವ ಓತಿ. ಪಕ್ಕೆಲುಬುಗಳು ಉದ್ದವಾಗಿ ಬೆಳೆದು ಅವುಗಳ ಮೇಲೆ ಚರ್ಮ ಹರಡಿರುವುದರಿಂದ ಅದು ಮರದಿಂದ ಮರಕ್ಕೆ ತೇಲಬಲ್ಲದು. ದಟ್ಟಕಾಡೇ ಬೇಕೆಂದಿಲ್ಲ, ಅಡಿಕೆ ತೋಟದಲ್ಲೂ ಇರುತ್ತದೆ. ತೊಗಟೆಗೆ ಅಂಟಿ ಕುಳಿತರೆ ಮೂರು ಅಡಿ ದೂರದಿಂದಲೂ ಗೊತ್ತಾಗದು. ಗಂಡು ಗಂಟಲಿನ ಹಳದಿ ಚರ್ಮವನ್ನು ಹೊರಗೆ ಚಾಚಿ ಎಳೆದುಕೊಳ್ಳುವಾಗ ಮಾತ್ರ ಸಿಕ್ಕಿಬೀಳುತ್ತದೆ. ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿಯುತ್ತದೆ. ಕನ್ನಡದ ಓದುಗರಿಗೆ ಈ ಪ್ರಾಣಿಯನ್ನು ಪರಿಚಯಿಸಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೋ’. ವಿಜ್ಞಾನಿ, ಕೃಷಿಕ, ಹಳ್ಳಿಯ ಬೇಟೆಗಾರ, ನಾಯಿ ಎಲ್ಲರೂ ಕೂಡಿದ ಅದರ ತಂಡ ಇಂದಿಗೂ ಕ್ಷೇತ್ರಶೋಧದ ನಿಜವಾದ ಚಿತ್ರವೇ. ಜಾಗ ಬಲ್ಲವನು ಒಬ್ಬ, ಹೆಸರು ಬಲ್ಲವನು ಇನ್ನೊಬ್ಬ.

ಬಯಲುಸೀಮೆಯಲ್ಲಿ ಬಂಡೆ ಓತಿಯಿದೆ. ಹಂಪಿಯ ಬಂಡೆಗಳಿಂದ ಬೆಂಗಳೂರಿನ ಸುತ್ತಲ ಗುಡ್ಡಗಳವರೆಗೆ, ಮರಿ ಮಾಡುವ ಕಾಲದಲ್ಲಿ ಮೇಲೆ ಕೆಂಪು, ಕೆಳಗೆ ಕಪ್ಪು ಬಣ್ಣ ತಳೆದ ಗಂಡುಗಳು ತುತ್ತತುದಿಯ ಕಲ್ಲಿನ ಮೇಲೆ ಕುಳಿತಿರುತ್ತವೆ. ಉತ್ತರದ ಒಣ ಬಯಲುಗಳಲ್ಲಿ ಗಂಟಲಿಗೆ ಬೀಸಣಿಗೆ ಕಟ್ಟಿದಂಥ ಓತಿಗಳು ಬೇಸಿಗೆಯಲ್ಲಿ ನೀಲಿ, ಕಪ್ಪು, ಕೇಸರಿ ಬಣ್ಣಗಳನ್ನು ಬಿಡಿಸಿ ಮಡಿಚುತ್ತವೆ. ಇವುಗಳಲ್ಲಿ ಕೆಲವನ್ನು 2016ರಲ್ಲಿ ಸರಡ ಎಂಬ ಹೊಸ ಕುಲಕ್ಕೆ ಸೇರಿಸಲಾಗಿದೆ.

ಹಾವು ಮತ್ತು ಅದರ ಜಾಡು

ಗುಳಿಮಂಡಲಗಳು ತಾಳ್ಮೆಯ ಬೇಟೆಗಾರರು. ಮಲಬಾರ್ ಗುಳಿಮಂಡಲ ತೊರೆ ಪಕ್ಕದ ಬಂಡೆಯನ್ನೋ ಪೊದೆಯನ್ನೋ ಹಿಡಿದು ಕುಳಿತರೆ ಮರುದಿನವೂ ಅಲ್ಲೇ ಸಿಕ್ಕೀತು. ಹಸಿರು, ಕಂದು, ಹಳದಿ, ಕಿತ್ತಳೆ ಹೀಗೆ ಒಂದೇ ಪ್ರಭೇದಕ್ಕೆ ಹಲವು ಬಣ್ಣ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯಿಂದ ಅದು ಬೇಟೆಯ ಮೈಬಿಸಿಯನ್ನು ಅರಿಯುತ್ತದೆ. ಮೊಂಡುಮೂಗಿನ ಇನ್ನೊಂದು ಸಣ್ಣ ಗುಳಿಮಂಡಲ ತರಗೆಲೆಯಲ್ಲಿ ಬೆರೆತುಹೋಗಿರುತ್ತದೆ. ಗಂಬೂಟಿಲ್ಲದೆ ಕಾಡಿಗೆ ಕಾಲಿಡಬಾರದು ಎನ್ನುವುದಕ್ಕೆ ಅದೊಂದೇ ಸಾಕಾದ ಕಾರಣ.

ಕಾಳಿಂಗ ಸರ್ಪದ ಮಾತೇ ಬೇರೆ. ಅದನ್ನು ಹುಡುಕುವುದಕ್ಕಿಂತ ಅದರ ಸುದ್ದಿ ಹುಡುಕುವುದು ಲೇಸು. ಬೇಸಿಗೆಯಲ್ಲಿ ಗಂಡುಗಳು ಹೆಣ್ಣಿನ ವಾಸನೆ ಹಿಡಿದು ತೋಟ, ಕೊಟ್ಟಿಗೆ, ಮನೆಯಂಗಳಗಳಿಗೆ ಬರುತ್ತವೆ. ಹೆಣ್ಣು ಮಳೆಗೆ ಮುಂಚೆ ತರಗೆಲೆಗಳನ್ನು ಮೈಯಿಂದ ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗವೇ. ಸುಮಾರು ಮೂರು ತಿಂಗಳಿಗೆ, ಮಳೆಗಾಲದಲ್ಲಿ, ಮರಿಗಳು ಹೊರಬರುತ್ತವೆ. ಇಂಥ ಗೂಡುಗಳು ಸಿಗುವುದು ಸೊಪ್ಪು, ದರಗು ತರಲು ಹೋದ ಹಳ್ಳಿಯವರಿಗೇ ಹೊರತು ಬೆಂಗಳೂರಿನಿಂದ ಬಂದ ತಂಡಗಳಿಗಲ್ಲ. ರಾಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ವರ್ಷದ ಮಳೆ 7,000 ಮಿ.ಮೀ. ಮೀರುವ ಆ ಊರಿನಲ್ಲಿ 2008ರಿಂದ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಪ್ರೇಷಕ ಇಟ್ಟು, ಆಂಟೆನಾ ಹಿಡಿದು ಅವುಗಳ ಹಿಂದೆ ನಡೆಯುವ ಅಧ್ಯಯನ ಶುರುವಾಯಿತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಕಾಳಿಂಗ ಒಂದೇ ಪ್ರಭೇದವಲ್ಲ, ನಾಲ್ಕು ಎಂದು ತೋರಿಸಿ, ಪಶ್ಚಿಮಘಟ್ಟದ್ದಕ್ಕೆ ಒಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು.

ಹಾವನ್ನು ಕಾಣುವುದಕ್ಕಿಂತ ಜಾಡನ್ನು ಓದುವುದರಲ್ಲಿ ತಮಿಳುನಾಡಿನ ಇರುಳರನ್ನು ಮೀರಿಸಿದವರಿಲ್ಲ. ಪೊರೆಯ ತುಣುಕು, ಹಿಕ್ಕೆ, ದೂಳಿನ ಮೇಲಿನ ಗೆರೆ, ಬಿಲದ ಬಾಯಿಯ ನುಣುಪು ನೋಡಿ ಒಳಗಿರುವುದು ಯಾವ ಹಾವು ಎಂದು ಹೇಳಬಲ್ಲವರು. ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ 1978ರಲ್ಲಿ ಕಟ್ಟಿದ ಅವರ ಸಹಕಾರ ಸಂಘ ಪ್ರತಿವಿಷ ತಯಾರಿಕೆಗೆ ವಿಷ ಒದಗಿಸುತ್ತಿದೆ. ಆ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿ ಪಿಡುಗಾಗಿದ್ದ ಬರ್ಮಾ ಹೆಬ್ಬಾವುಗಳನ್ನು ಹತ್ತಕ್ಕೂ ಹೆಚ್ಚು ಹಿಡಿದುಕೊಟ್ಟರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಕ್ಷೇತ್ರಶೋಧಕ್ಕೆ ಪದವಿ ಬೇಕೇ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಘಾಟಿ ರಸ್ತೆಯೂ ಹುಡುಕುವ ಜಾಗವೇ. ಹಗಲು ಕಾದ ಡಾಂಬರಿನ ಬಿಸಿಗೆ ಹಾವುಗಳು ಸಂಜೆ ರಸ್ತೆಗೆ ಬರುತ್ತವೆ, ಮಳೆ ರಾತ್ರಿ ಕಪ್ಪೆಗಳು ದಾಟುತ್ತವೆ. ಚಕ್ರಕ್ಕೆ ಸಿಕ್ಕಿ ಸತ್ತವನ್ನೂ ದಾಖಲಿಸುವುದು ವಾಡಿಕೆ. ಆ ಕಾಡಿನಲ್ಲಿ ಏನಿದೆ ಎಂಬುದನ್ನು ಕೆಲವೊಮ್ಮೆ ಮೊದಲು ಹೇಳುವುದು ಈ ಹೆಣಗಳೇ.

ಹಿಂದಿನವರು

ಭಾರತದ ಹಾವುಗಳ ಮೇಲಿನ ಮೊದಲ ದೊಡ್ಡ ಸಚಿತ್ರ ಗ್ರಂಥ ಪ್ಯಾಟ್ರಿಕ್ ರಸೆಲ್ ಅವರದು, 1796ರದು. ಕೋರಮಂಡಲ ತೀರದ ಹಾವುಗಳ ಬಗೆಗಿನದು. ಆಮೇಲೆ ಈ ಕೆಲಸ ಮುಂದುವರಿಸಿದವರು ಜೆರ್ಡನ್, ಬೆಡ್ಡೋಮ್, ಗುಂಥರ್, 1890ರಲ್ಲಿ ಗ್ರಂಥ ತಂದ ಬೂಲೆಂಜರ್, 1931ರಿಂದ 1943ರವರೆಗೆ ಮೂರು ಸಂಪುಟ ತಂದ ಮಾಲ್ಕಮ್ ಸ್ಮಿತ್. ಇವರ ಕಾಲದಲ್ಲಿ ಹುಡುಕುವುದೆಂದರೆ ಹಿಡಿದು, ಕೊಂದು, ಸ್ಪಿರಿಟ್ಟಿನಲ್ಲಿ ಮುಳುಗಿಸಿ ಲಂಡನ್ನಿಗೆ ಕಳುಹಿಸುವುದು.

ಕನ್ನಡನಾಡಿಗೆ ಹತ್ತಿರದ ಹೆಸರು ಸಿ.ಆರ್. ನಾರಾಯಣರಾವ್ ಅವರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. 1920 ಮತ್ತು 1937ರ ನಡುವೆ ಕೊಡಗು, ಕೆಂಪುಹೊಳೆ, ಕೊಟ್ಟಿಗೆಹಾರಗಳ ಹಲವು ಕಪ್ಪೆಗಳನ್ನು ವಿವರಿಸಿದರು. ಅವರು ಕೂಡಿಟ್ಟ ಮಾದರಿಗಳಲ್ಲಿ ಹೆಚ್ಚಿನವು ಆಮೇಲೆ ಕಾಣೆಯಾದವು. ಸೀಸೆ ಹೋದ ಮೇಲೆ ಉಳಿದದ್ದು ಅವರು ಬರೆದ ಊರಿನ ಹೆಸರು, ತೊರೆಯ ವಿವರ ಮಾತ್ರ. ಮುಂದಿನವರು ಅದೇ ಊರಿಗೆ, ಅದೇ ಬಗೆಯ ತೊರೆಗೆ ಹೋಗಿ ಹುಡುಕಬೇಕಾಯಿತು. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇರುಳುಗಪ್ಪೆಗಳ ಅಧ್ಯಯನ ಪ್ರಕಟಿಸಿದಾಗ ರಾಯರ ಕೊಡಗಿನ ಇರುಳುಗಪ್ಪೆ 91 ವರ್ಷಗಳ ಬಳಿಕ, ಕೆಂಪುಹೊಳೆಯ ಇರುಳುಗಪ್ಪೆ ಸುಮಾರು 75 ವರ್ಷಗಳ ಬಳಿಕ ಮತ್ತೆ ಕಂಡ ವಿಷಯ ಹೊರಬಂತು. ಘಟ್ಟದ ಪೊದೆಗಪ್ಪೆಗಳ ದೊಡ್ಡ ಕುಲಕ್ಕೆ ಈಗ ರಾವೋರ್ಕೆಸ್ಟಿಸ್ ಎಂದು ಅವರದೇ ಹೆಸರು.

ಟಿಪ್ಪಣಿ ಪುಸ್ತಕ

ರಾಯರ ಕಥೆ ಹೇಳುವುದು ಇದನ್ನೇ: ಜಾಗ ಬರೆಯದ ದಾಖಲೆ ದಾಖಲೆಯಲ್ಲ. ದಿನಾಂಕ, ಗಂಟೆ, ಜಿಪಿಎಸ್ ತೋರಿಸುವ ಸ್ಥಾನ, ಸಮುದ್ರಮಟ್ಟದಿಂದ ಎತ್ತರ, ಉಷ್ಣತೆ, ಮಳೆ ಇತ್ತೇ ಇಲ್ಲವೇ, ಪ್ರಾಣಿ ನೆಲದಿಂದ ಎಷ್ಟು ಎತ್ತರದಲ್ಲಿ ಯಾವ ಎಲೆಯ ಮೇಲಿತ್ತು, ಏನು ಮಾಡುತ್ತಿತ್ತು ಇಷ್ಟಂತೂ ಬೇಕು. ಕಪ್ಪೆಯಾದರೆ ಕೂಗಿನ ಧ್ವನಿಮುದ್ರಣ ಚಿತ್ರಕ್ಕಿಂತ ಹೆಚ್ಚು ಬೆಲೆಯದು. ಚಿತ್ರ ತೆಗೆಯುವುದಾದರೆ ಬೆನ್ನು ಮಾತ್ರ ಸಾಲದು. ಪಕ್ಕೆ, ತೊಡೆಯ ಒಳಭಾಗ, ಬೆರಳ ತುದಿಗಳ ಚಪ್ಪಟೆ ಬಿಲ್ಲೆ, ಜಾಲಪೊರೆ ಎಲ್ಲವೂ ಗುರುತಿಗೆ ಬೇಕು.

ಸಂಶೋಧಕರು ಬಳಸುವ ಕಣ್ಣೋಟದ ಸಮೀಕ್ಷೆಯಲ್ಲಿ ಹುಡುಕಿದ ಸಮಯವೂ ಲೆಕ್ಕ. ಇಬ್ಬರು ಒಂದು ಗಂಟೆ ಹುಡುಕಿದರೆ ಎರಡು ಜನಗಂಟೆ. ಅಷ್ಟರಲ್ಲಿ ಎಷ್ಟು ಸಿಕ್ಕವು ಎಂಬುದರಿಂದ ಒಂದು ತೊರೆಯನ್ನು ಇನ್ನೊಂದಕ್ಕೆ, ಈ ವರ್ಷವನ್ನು ಕಳೆದ ವರ್ಷಕ್ಕೆ ಹೋಲಿಸಬಹುದು. ಏನೂ ಸಿಗದ ರಾತ್ರಿಯನ್ನೂ ಬರೆಯಲೇಬೇಕು. ಹವ್ಯಾಸಿಗಳು ಕೈಬಿಡುವುದು ಇದನ್ನೇ. ಸಿಕ್ಕಿದ್ದನ್ನು ಮಾತ್ರ ಬರೆದ ಪುಸ್ತಕದಿಂದ ಕಪ್ಪೆ ಕಡಿಮೆಯಾಯಿತೋ ಹುಡುಕುವುದು ಕಡಿಮೆಯಾಯಿತೋ ತಿಳಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದಂತೆ ಉಭಯವಾಸಿಗಳಲ್ಲಿ ಸುಮಾರು ಶೇ. 41 ಅಳಿವಿನ ಅಂಚಿಗೆ ಸರಿದಿವೆ, ಹಾಗಾಗಿ ಇದು ಸಣ್ಣ ಲೋಪವಲ್ಲ.

ದಾಖಲೆಗಳನ್ನು ಹಂಚಿಕೊಳ್ಳಲು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ವೇದಿಕೆಗಳಿವೆ. ಆದರೆ ನಕ್ಷತ್ರ ಆಮೆ, ಎರಡು ತಲೆ ಹಾವೆಂದು ಕರೆಯಲಾಗುವ ಮಣ್ಣುಮುಕ್ಕ ಹಾವುಗಳನ್ನು ಕಂಡ ಜಾಗವನ್ನು ನಿಖರವಾಗಿ ಸಾರಬಾರದು. ಎರಡಕ್ಕೂ ಕಳ್ಳಸಾಗಣೆಯ ಕಾಟ ಇದೆ, ಎರಡನೆಯದಕ್ಕೆ ನಿಧಿ ತೋರಿಸುತ್ತದೆಂಬ ಮೂಢನಂಬಿಕೆ ಬೇರೆ.

ಅಪಾಯ, ಕಾನೂನು, ಮರ್ಯಾದೆ

ಇಂಬಳಕ್ಕೆ ಹೆದರುವವರು ಬಹಳ, ಆದರೆ ಅದರಿಂದ ರಕ್ತ ಹೋಗುವುದು ಬಿಟ್ಟರೆ ದೊಡ್ಡ ಕೇಡಿಲ್ಲ. ಮಂಡಿಯವರೆಗಿನ ಬಟ್ಟೆಯ ಕಾಲುಚೀಲ ಸಾಕು. ಇಂಬಳ ಹತ್ತದಿರಲೆಂದು ಹೊಗೆಸೊಪ್ಪು, ಸುಣ್ಣ, ಡೆಟಾಲ್ ಹಚ್ಚಿದ ಕೈಯಲ್ಲಿ ಮಾತ್ರ ಕಪ್ಪೆಯನ್ನು ಮುಟ್ಟಬಾರದು. ಅದು ಚರ್ಮದಿಂದಲೂ ಉಸಿರಾಡುತ್ತದೆ, ಹಚ್ಚಿದ್ದೆಲ್ಲ ಒಳಗಿಳಿಯುತ್ತದೆ. ನಿಜಕ್ಕೂ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ವರೆಗೆ ಅದರ ಹಾವಳಿ ಹೆಚ್ಚು. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಆ ತಿಂಗಳುಗಳಲ್ಲಿ ಹೋಗದಿರುವುದೇ ಸರಿ. ಮಳೆಗಾಲದ ತೊರೆ ಮೇಲೆಲ್ಲೋ ಸುರಿದ ಮಳೆಗೆ ಏಕಾಏಕಿ ಉಕ್ಕುತ್ತದೆ ಎಂಬುದೂ ನೆನಪಿರಲಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗವನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಬೇಕು. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಮಾಡಿದ್ದು. ಘಟ್ಟದ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ತಕ್ಕ ಪ್ರತಿವಿಷ ಇಲ್ಲಿ ಇಲ್ಲ. ಕೊಕ್ಕೆ ಹಿಡಿದು ಶೋಕಿ ಮಾಡುವವರು ಈ ಒಂದು ವಾಕ್ಯವನ್ನು ಎರಡು ಸಲ ಓದಿದರೆ ಒಳ್ಳೆಯದು. ಹಾವುಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಕ್ಷಿತ ಪಟ್ಟಿಯ ಹಾವು, ಉಡ, ಆಮೆಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಗಲೂ ಹೋಗುವಂತಿಲ್ಲ, ರಾತ್ರಿಯ ಮಾತು ಬಿಡಿ. ಹಾಗಾಗಿ ಹವ್ಯಾಸಿಗಳ ಬಹುಪಾಲು ಕೆಲಸ ನಡೆಯುವುದು ತೋಟ, ಊರಿನ ಹೊಂಡ, ಖಾಸಗಿ ಜಮೀನುಗಳಲ್ಲಿ, ಮಾಲೀಕರ ಒಪ್ಪಿಗೆಯಿಂದ. ಚಿತ್ರಕ್ಕೆಂದು ಹಾವನ್ನು ಎತ್ತಿ ಬೇರೆ ಕೊಂಬೆಗೆ ಹಾಕುವುದು, ಕಪ್ಪೆಯನ್ನು ಹೂವಿನ ಮೇಲೆ ಕೂರಿಸುವುದು ಮಳೆಗಾಲದ ಪ್ರವಾಸಗಳಲ್ಲಿ ಮಾಮೂಲಾಗಿದೆ. ಅಂಥ ಚಿತ್ರ ಎಷ್ಟೇ ಅಂದವಾಗಿರಲಿ, ದಾಖಲೆಯಾಗಿ ಅದು ಸುಳ್ಳು. ಕಪ್ಪೆಗಳಿಗೆ ಮಾರಕವಾದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿರುವುದರಿಂದ ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟುಗಳನ್ನು ಉಜ್ಜಿ ತೊಳೆದು ಒಣಗಿಸಬೇಕು.

ಊರಿನ ಅಂಚು

ಪ್ರತಿ ಜೂನಿನಲ್ಲಿ ಟಾರ್ಚು ಹಿಡಿದವರ ದಂಡು ಆಗುಂಬೆ, ಕ್ಯಾಸಲ್‌ರಾಕ್ ಕಡೆಗೇ ಹೊರಡುತ್ತದೆ. ಆದರೆ ಈಚಿನ ಹೊಸ ಕಪ್ಪೆಗಳಲ್ಲಿ ಹಲವು ಸಿಕ್ಕಿರುವುದು ದಟ್ಟಕಾಡಿನಿಂದಾಚೆ. 2016ರಲ್ಲಿ ವಿವರಿಸಿದ ಜಂಬಿಟ್ಟಿಗೆ ಕಿರುಗಪ್ಪೆ ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನದು. 2018ರ ಮೈಕ್ರೊಹೈಲಾ ಕೊಡಿಯಾಲ್ ಮಂಗಳೂರು ನಗರದ್ದು. 2020ರಲ್ಲಿ ಬೆಂಗಳೂರಿನ ಹೆಸರು ಹೊತ್ತ ಬಿಲಗಪ್ಪೆ ಸಿಕ್ಕಿದ್ದು ನಗರದ ಹೊರವಲಯದ ರಾಜಾನುಕುಂಟೆಯಲ್ಲಿ. ಮುರಕಲ್ಲಿನ ಬಯಲು, ಗೋಮಾಳ, ಕೆರೆಯಂಗಳಗಳನ್ನು ಸರ್ಕಾರಿ ಕಡತ ‘ಬಂಜರು’ ಎನ್ನುತ್ತದೆ; ಬಡಾವಣೆಗೆ, ಕ್ವಾರಿಗೆ ಮೊದಲು ಹೋಗುವುದೂ ಅವೇ. ಬರುವ ವರ್ಷ ಮೊದಲ ಮಳೆ ಬಿದ್ದ ರಾತ್ರಿ ಘಟ್ಟ ಹತ್ತಲಾಗದವರು ತಮ್ಮೂರಿನ ಹೊಂಡದ ದಡದಲ್ಲಿ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳಲಿ. ಕೇಳಿದ್ದನ್ನು ದಿನಾಂಕ, ಗಂಟೆ, ಜಾಗ ಸಹಿತ ಬರೆದಿಡಲಿ.